ಲೈನಿನ ಹಿಂದಿನ ಚಕ್ಕೋತ

ಹೆತ್ತೂರಿನ ಕಡೆಯ ಆ ಎಸ್ಟೇಟಿನಲ್ಲಿ, ಕೂಲಿಯವರ ಸಾಲುಮನೆಗಳ ಲೈನಿನ ಹಿಂದೆ ಒಂದು ಚಕ್ಕೋತದ ಮರ. ಕೊಂಬೆ ಜಗ್ಗುವಷ್ಟು ಹಣ್ಣು, ಒಂದೊಂದೂ ಚೆಂಬಿನಷ್ಟು ದಪ್ಪ. ಲೈನಿನವರು ಯಾರೂ ಅದನ್ನು ಬಾಯಿಗಿಡುತ್ತಿರಲಿಲ್ಲ. ಅದರ ಬುಡದಲ್ಲಿ ಮಾದಮ್ಮನ ಚೊಚ್ಚಲ ಕೂಸು ಮಲಗಿತ್ತು. ಊರ ಸ್ಮಶಾನದಲ್ಲಿ ಲೈನಿನವರಿಗೆ ಜಾಗವಿಲ್ಲ. ತೋಟದ ಮಣ್ಣಿಗೆ ಬೆವರು ಸುರಿಸಬಹುದು, ಹೆಣ ಇಳಿಸುವಂತಿಲ್ಲ. ಹಾಗಾಗಿ ಗಂಡ ದ್ಯಾವಯ್ಯ ಕದ್ದು ಹೂತು, ಗುರುತಿಗೆಂದು ಸಸಿ ನೆಟ್ಟಿದ್ದ.

ಈಗ ಅಲ್ಲಿ ಹೋಮ್‌ಸ್ಟೇಗೆ ಬರುವವರ ಕಾರು ನಿಲ್ಲಬೇಕಂತೆ. ನಾಳೆಯೇ ಮರ ತೆಗೆಸುತ್ತಾರಂತೆ.

"ಹೋಗಿ ನಿಜ ಹೇಳ್ಬುಡು" ಅಂದ ದ್ಯಾವಯ್ಯ.

"ಹೇಳಿ? ಚೆಲುವಕ್ಕ ಗಂಡನ್ನ ಹೂತ ಕಡೆ ಒಂದು ಕಲ್ಲಿಟ್ಟಿದ್ದಕ್ಕೇ, ಹೆಣ ತೋರ್ಸಿ ಜಾಗ ಹಿಡೀತೀಯಾ ಅಂತ ಗೌಡ್ರು ಪಾತ್ರೆ ಸಮೇತ ಲೈನಿಂದ ಆಚೆಗೆ ಹಾಕ್ಲಿಲ್ವಾ? ಬಾಯಿಗೆ ಬೀಗ ಹಾಕ್ಕೋ ಮಾರಾಯ."

ಮಾದಮ್ಮ ಬೇರೆ ದಾರಿ ಹಿಡಿದಳು. ಮೊದಲ ಸಲ ಆ ಮರಕ್ಕೆ ಕೈಹಾಕಿ ಒಂದು ಹಣ್ಣು ಕಿತ್ತು, ಸೆರಗಿನಲ್ಲಿ ಕಟ್ಟಿಕೊಂಡು ಬಂಗಲೆಗೆ ಹೋದಳು. ಮಾಲೀಕ ಪ್ರತಾಪ್ ಗೌಡ ಜಗಲಿಯಲ್ಲಿ ಕೂತು ಸಿಪ್ಪೆ ಸುಲಿದ. ಒಳಗೆ ಕೆಂಪು ತೊಳೆ. ಉಪ್ಪು ಖಾರ ಸವರಿ ಬಾಯಿಗೆ ಹಾಕಿಕೊಂಡ. ಮಾದಮ್ಮ ಮುಖ ತಿರುಗಿಸಿದಳು.

"ಏನ್ ರುಚಿ ಐತೆ ಮಾದಮ್ಮ! ಇಷ್ಟು ದಿನ ನೀವೇ ತಿಂದು ತೇಗ್ತಿದ್ರಾ?"

"ಇಲ್ಲ ಗೌಡ್ರೇ... ಅಂಥಾ ಮರ, ಕಡಿಸ್ಬ್ಯಾಡಿ."

"ಕಡ್ಸಲ್ಲ ಹೋಗು. ಇದು ನನ್ ಮಾತು."

ಅವತ್ತು ಮಾದಮ್ಮ ಹೊಟ್ಟೆ ತುಂಬ ಮುದ್ದೆ ಉಂಡಳು. "ನಿನ್ನ ಪಂಚಾಯ್ತಿ ಎಲೆಕ್ಷನ್‌ಗೆ ನಿಲ್ಲಿಸ್ಬೇಕು ಕಣೇ" ಎಂದು ದ್ಯಾವಯ್ಯ ರೇಗಿಸಿದ.

ಬೆಳಗ್ಗೆ ಕೊಡಲಿ ಬರಲಿಲ್ಲ, ಜೆಸಿಬಿ ಬಂತು. ಬುಡದ ಸುತ್ತ ಹಲ್ಲೂರಿ, ಹೊರೆ ಮಣ್ಣಿನ ಸಮೇತ ಮರವನ್ನು ಬೇರಿನಿಂದ ಎತ್ತಿ ಟ್ರ್ಯಾಕ್ಟರಿಗೆ ಮಲಗಿಸಿತು. ಹೋಮ್‌ಸ್ಟೇ ಗೇಟಿನಲ್ಲಿ ನೆಡುತ್ತಾರಂತೆ, ಬಂದವರು ಕಿತ್ತು ತಿನ್ನಲಿ ಅಂತ.

"ನೋಡು ಮಾದಮ್ಮ, ಕಡಿಸಿದ್ನಾ?" ಪ್ರತಾಪನಿಗೆ ತನ್ನ ಮಾತಿನ ಬಗ್ಗೆ ಹೆಮ್ಮೆ.

"ಗೌಡ್ರೇ, ಮಣ್ಣು... ಆ ಮಣ್ಣಾದ್ರೂ ಇಲ್ಲೇ ಬುಡ್ಸಿ."

"ಮಣ್ಣಿಲ್ದೆ ಮರ ಬದುಕ್ತದೇನೇ?" ಡ್ರೈವರನೂ ನಕ್ಕ.

ನಿಜ ಗಂಟಲವರೆಗೆ ಬಂತು. ಆಗಲೇ ಲೈನಿನ ಸೂರುಗಳಿಂದ ಒಲೆಯ ಹೊಗೆ ಏಳುತ್ತಿತ್ತು, ಅವಳದೂ ಸೇರಿ. ಮಾದಮ್ಮ ನುಂಗಿಕೊಂಡಳು.

ಟ್ರ್ಯಾಕ್ಟರು ಕುಲುಕುತ್ತ ಹೊರಟಿತು. ದಾರಿಯುದ್ದಕ್ಕೂ ಮಣ್ಣು ಉದುರಿತು.

"ಕೂಸು ಯಾವ ಕಡೀಗ್ ಹೋಯ್ತು, ಹೇಳು?" ಎಂದು ಗಂಡನ ತೋಳು ಹಿಡಿದು ಅಲುಗಿಸಿದಳು.

ದ್ಯಾವಯ್ಯ ಟ್ರ್ಯಾಕ್ಟರಿನ ಕಡೆ ನೋಡಿದ, ಗುಂಡಿಯ ಕಡೆ ನೋಡಿದ. ಅಷ್ಟರಲ್ಲಿ ಗುಂಡಿಗೆ ಜಲ್ಲಿ ಬಿತ್ತು.