ಕನ್ನಡಿ ಹಿಡಿದ ಹೆಣ್ಣು

ಹೊಸ್ತಿಲಲ್ಲಿ ಶಮ್ಶುನ್ನೀಸಾ ನಿಂತಿದ್ದನ್ನು ಕಂಡೊಡನೆ ಸಂಜೀವಕುಮಾರ ಮೊದಲು ಮಾಡಿದ್ದು ಒಳಕೋಣೆಯ ಬಾಗಿಲು ಎಳೆದದ್ದು. ಆಮೇಲೆ ಮುಖಕ್ಕೊಂದು ನಗು ತಂದುಕೊಂಡು, "ಬರ್ರಿ ಚಾಚಿ, ಒಳಗ ಬರ್ರಿ," ಎಂದ.

"ಆಲಮೇಲದಾಗ ಇವತ್ತ ಬಸ್ ಲಗೂ ಸಿಕ್ತ್ರಿ ಮಾಸ್ತರ," ಎನ್ನುತ್ತ ಮುದುಕಿ ಕುಳಿತಳು. ಕಂಕುಳಲ್ಲೊಂದು ಗಂಟು.

ಸಿಂದಗಿಯ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವ ಸಂಜೀವಕುಮಾರನಿಗೆ ಹಳೆಯ ಜಪಾನೀ ಚಿತ್ರಗಳ ಹುಚ್ಚು. ಮರದ ಹಲಗೆ ಕೊರೆದು, ಬಣ್ಣಕ್ಕೊಂದು ಹಲಗೆಯಂತೆ ಕಾಗದಕ್ಕೆ ಒತ್ತಿದ ಚೆಲುವೆಯರ ಚಿತ್ರಗಳು. ಪುಣೆ, ಮುಂಬೈಗಳ ಹಳೇ ಪುಸ್ತಕದಂಗಡಿ ಅಲೆದು ಇಪ್ಪತ್ತು ವರ್ಷಗಳಲ್ಲಿ ಒಂಬತ್ತನ್ನು ಕೂಡಿಸಿದ್ದ. ಹತ್ತನೆಯದು ಸಿಕ್ಕಿದ್ದು ಎರಡು ವರ್ಷದ ಹಿಂದೆ, ಶಿಷ್ಯೆ ಮೆಹರಾಜಳ ಮದುವೆಗೆ ಆಲಮೇಲಕ್ಕೆ ಹೋದಾಗ. ಅವಳ ಅಜ್ಜಿ ಶಮ್ಶುನ್ನೀಸಾಳ ಟ್ರಂಕಿನ ಮುಚ್ಚಳದೊಳಗೆ ಸಿಕ್ಕಿಸಿದ್ದ ಚಿತ್ರ: ಕೈಗನ್ನಡಿ ನೋಡುತ್ತ ಕುತ್ತಿಗೆಯ ಕೂದಲು ಸರಿಪಡಿಸಿಕೊಳ್ಳುವ ಹೆಣ್ಣು. ಹಡಗಿನಲ್ಲಿ ಖಲಾಸಿಯಾಗಿದ್ದ ಅವಳ ಗಂಡನ ತಂದೆ ತಂದದ್ದಂತೆ.

"ಹುಳ ಹತ್ತೈತ್ರಿ. ಸರಿ ಮಾಡಿ ತಂದ ಕೊಡ್ತೇನಿ," ಎಂದು ಒಯ್ದಿದ್ದ. ತಿಂಗಳಾದ ಮೇಲೆ, ತೊಳೆಯಲು ನೀರಿಗೆ ಹಾಕಿದಾಗ ಕರಗಿಹೋಯಿತೆಂದು ಫೋನಿನಲ್ಲಿ ಹೇಳಿದ. ಹೇಳುವಾಗ ಅದು ಅವನೆದುರಿನ ಗೋಡೆಯ ಮೇಲೇ ಇತ್ತು. ಮುದುಕಿ, "ಇರ್ಲಿ ಬಿಡ್ರಿ, ನೀವರ ಏನ ಮಾಡ್ತೀರಿ," ಎಂದಿದ್ದಳು. ಆ ಮಾತು ಅಂದಿನಿಂದ ಅವನನ್ನು ಬಿಟ್ಟಿರಲಿಲ್ಲ. ಅದೇ ಚಿತ್ರದ ಮುಂದೆ ನಿಂತು ಸವಿಯಲು ಅವನಿಗೆ ಒಂದು ದಿನವೂ ಆಗಿರಲಿಲ್ಲ.

ಶಮ್ಶುನ್ನೀಸಾ ಗಂಟು ಬಿಚ್ಚಿದಳು. ಎರಡು ರಟ್ಟುಗಳ ನಡುವೆ ಇನ್ನೊಂದು ಚಿತ್ರ. ಗಾಳಿಗೆ ಕೊಡೆ ಓರೆ ಮಾಡಿ ನಡೆಯುವ ಹೆಣ್ಣು. ಉಡುಪಿನ ನೀಲಿ ಇನ್ನೂ ಆರಿಲ್ಲವೇನೋ ಅನ್ನುವಂತಿತ್ತು.

"ಟ್ರಂಕಿನ ತಳದ ಪೇಪರ್ ತಗದ್ರ ಇದು ಸಿಕ್ತು. ಅವತ್ತ ಫೋನ್‌ನ್ಯಾಗ ಭಾಳ ಸಂಕಟಪಟ್ರಿ. ನಿಮ್ಮ ದನಿ ಕೇಳಿ ನನಗ ಕೆಟ್ಟ ಅನಿಸ್ತು. ಇದನ್ನ ನೀವ ಇಟ್ಕೋರಿ. ನಮ್ಮಲ್ಲಿ ಇದ್ರ ಹಾಳಾಗ್ತೈತಿ."

ಚಹಾ ತಂದ ಹೆಂಡತಿ ಕೋಮಲ ಅಲ್ಲೇ ನಿಂತಳು. ಅವಳಿಗೆ ಎಲ್ಲ ಗೊತ್ತಿತ್ತು. ಗಂಡನ ಮುಖ ನೋಡಲಿಲ್ಲ. ಎಳೆದ ಬಾಗಿಲನ್ನು ನೋಡಿದಳು.

ಸಂಜೀವಕುಮಾರ ಎದ್ದು ಒಳಕೋಣೆಗೆ ಹೋದ. ಗೋಡೆಯಿಂದ ಚೌಕಟ್ಟು ಇಳಿಸಿ ತಂದು ಮುದುಕಿಯ ಮುಂದಿಟ್ಟ.

"ಕರಗಿರ್ಲಿಲ್ಲ ಚಾಚಿ. ಸುಳ್ಳ ಹೇಳಿದ್ದೆ."

ಶಮ್ಶುನ್ನೀಸಾ ಗಾಜಿನ ಮೇಲೆ ಬೆರಳಾಡಿಸಿದಳು. "ನಾ ಮದುವ್ಯಾಗಿ ಬಂದಾಗ ಆ ಮನ್ಯಾಗ ಕನ್ನಡಿ ಇರ್ಲಿಲ್ರಿ. ಇಕಿನ್ನ ನೋಡ್ಕೋತ ತಲಿ ಬಾಚ್ಕೋತಿದ್ದೆ." ಚೌಕಟ್ಟನ್ನು ತನ್ನತ್ತ ಎಳೆದುಕೊಂಡು, "ಬೇಕಂತ ಒಂದ ಮಾತ ಕೇಳಿದ್ರ..." ಎಂದಳು.

"ಎರಡೂ ಒಯ್ರಿ ಚಾಚಿ."

ಅವಳು ಕೊಡೆಯ ಚಿತ್ರವನ್ನು ಅವನತ್ತ ಸರಿಸಿದಳು. "ಇದು ನಾ ಕೊಟ್ಟದ್ದು. ಕೊಟ್ಟದ್ದನ್ನ ಹೊಳ್ಳಿ ಒಯ್ಯೂದಿಲ್ರಿ."

ಕೋಮಲಳ ಮನಸ್ಸಿಗಾಗಿ ಮುದುಕಿ ಚಹಾ ಪೂರ್ತಿ ಕುಡಿದಳು. ಕೋಮಲ ಹೊಸ ಟವೆಲ್ ತಂದು ಚೌಕಟ್ಟಿಗೆ ಸುತ್ತಿಕೊಟ್ಟಳು. ತಾನು ಹಿಡಿದುಕೊಳ್ಳುತ್ತೇನೆ ಎಂದು ಸಂಜೀವಕುಮಾರ ಹೇಳಿದರೂ ಮುದುಕಿ ಅವನ ಕೈಗೆ ಕೊಡಲಿಲ್ಲ. ಬಸ್‌ಸ್ಟ್ಯಾಂಡಿನವರೆಗೆ ಅವನು ಹಿಂದೆ ಹಿಂದೆ ನಡೆದ.

ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಅದು ತಿರುಗಿ ರಸ್ತೆಗಿಳಿಯುವಾಗ ಕಿಟಕಿಯಲ್ಲಿ ಅವಳು ಕಂಡಳು: ಒತ್ತಿಕೊಂಡು ನಿಂತ ಜನರ ನಡುವೆ, ಟವೆಲ್ಲಿನ ಮೇಲೆ ಯಾರೂ ಬೀಳದಂತೆ ಮೊಣಕೈಗಳನ್ನು ಅಗಲಿಸಿಕೊಂಡು ನಿಂತಿದ್ದಳು.