ಖಾದರಸಾಬ ಮಾಸ್ತರರ ನೂರು ನ್ಯೂಟನ್

ರಸ್ತೆಯಲ್ಲಿ ಯಾರದೇ ಕೈಗಾಡಿ ಎದುರಾಗಲಿ, ನಮ್ಮ ಹಿರೇಕೆರೂರಿನ ಹೈಸ್ಕೂಲಿನ ಖಾದರಸಾಬ ಮಾಸ್ತರರು ನಿಂತುಬಿಡುತ್ತಾರೆ. ಗಾಡಿಯವನ ಮುಖವನ್ನಲ್ಲ, ಗಾಲಿ ನೆಲ ಕಚ್ಚಿದ ಜಾಗವನ್ನು ನೋಡುತ್ತಾರೆ. ಸವಣೂರಿನ ಮನೆತನ, ಎದುರುಗಾಳಿಗೆ ನಡೆದವರಂತೆ ಮುಂದಕ್ಕೆ ಬಾಗಿದ ನಡಿಗೆ, ಬೇಸಿಗೆಯಲ್ಲೂ ಕಳಚದ ಕಂದು ಕೋಟು. ಏಕಮಾನ ಬರೆಯದ ಉತ್ತರ ಕಂಡರೆ ಮಾತ್ರ ಆ ಸೌಮ್ಯಮೂರ್ತಿ ಕೆರಳುತ್ತಾರೆ: "ಅರ್ಧ ಅಂದ್ರ ಏನಪಾ, ಅರ್ಧ ರೊಟ್ಟಿ ಏನು?"

ಏಳು ವರ್ಷದ ಹಿಂದೆ ಒಂಬತ್ತನೆಯ ತರಗತಿಗೆ ಅವರೊಂದು ಲೆಕ್ಕ ಕೊಟ್ಟರು: ಗೋವಿನಜೋಳ ತುಂಬಿದ ಕೈಗಾಡಿ, ಒಟ್ಟು ರಾಶಿ ಎರಡು ಕ್ವಿಂಟಲ್, ನೂರು ನ್ಯೂಟನ್ ಬಲದಿಂದ ನೂಕಿದರೆ ವೇಗೋತ್ಕರ್ಷವೆಷ್ಟು? ಕ್ವಿಂಟಲನ್ನು ಕಿಲೋ ಮಾಡದೆ ಅರ್ಧ ತರಗತಿ ಐವತ್ತು ಎಂದು ಬರೆದು, ಕಣ್ಣು ಮಿಟುಕಿಸುವುದರೊಳಗೆ ಗಾಡಿಯನ್ನು ಹಾವೇರಿ ದಾಟಿಸಿತ್ತು. ಜಾಣರು ಇನ್ನೂರರಿಂದ ಭಾಗಿಸಿ ಅರ್ಧ ಎಂದರು. ಸಂತೆಯಲ್ಲಿ ಕೈಗಾಡಿ ನೂಕುವ ಹಮಾಲ ಉಳವಪ್ಪನ ಮಗಳು ತನುಜಾ ಒಬ್ಬಳೇ ಸೊನ್ನೆ ಎಂದು ಬರೆದಿದ್ದಳು.

"ನೂರರಾಗ ಗಾಡಿ ಅಲುಗಾಡೂದ ಇಲ್ರಿ ಸರ. ನೆಲಾ ಹಿಂದಕ್ಕ ಹಿಡೀತೈತಿ."

"ನೆಲದ ಮಾತು ಲೆಕ್ಕದಾಗ ಐತೇನು? ಕುಂಡ್ರವಾ," ಎಂದು ಮಾಸ್ತರರು ನಕ್ಕರು, ತರಗತಿಯೂ ನಕ್ಕಿತು. ಅಂಕವೂ ಸೊನ್ನೆಯೇ ಸಿಕ್ಕಿತು.

ಆ ನಗೆ ಅವರಿಗೇ ನಾಟಿರಬೇಕು. ಮರುವಾರ ಸಂತೆಯಲ್ಲಿ ಅಷ್ಟೇ ಭಾರದ ಗಾಡಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆದರು. ಮುಳ್ಳು ಹತ್ತು ಕಿಲೋ ತೋರಿಸಿತು, ಅಂದರೆ ಹೆಚ್ಚುಕಡಿಮೆ ನೂರು ನ್ಯೂಟನ್. ಹಸಿಮಣ್ಣಿನಲ್ಲಿ ಗಾಲಿ ಮಿಸುಕಲಿಲ್ಲ. ಘರ್ಷಣೆ ಕಳೆದು ಉಳಿದ ಬಲಕ್ಕಷ್ಟೇ ವೇಗೋತ್ಕರ್ಷವೆಂದು ಇಪ್ಪತ್ತು ವರ್ಷ ಕಲಿಸಿದವರು, 'ಘರ್ಷಣೆ ಇಲ್ಲವೆಂದು ತಿಳಿಯಿರಿ' ಎಂಬ ಒಂದು ಸಾಲನ್ನು ಬರೆಯಲು ಮರೆತಿದ್ದರು. ಮರುದಿನ ಶಾಲೆಗೆ ಬಂದರೆ ತನುಜಾಳ ಜಾಗ ಖಾಲಿ. ಉಳವಪ್ಪ ಸಂಸಾರಸಮೇತ ಹಾನಗಲ್ಲಿಗೆ ಹೋಗಿಬಿಟ್ಟಿದ್ದ.

ಅಂದಿನಿಂದ ಎಷ್ಟು ಭಾನುವಾರ ಅವರು ಹಾನಗಲ್ ಬಸ್ಸು ಹತ್ತಿದರೋ! ನಿಲ್ದಾಣದಲ್ಲಿಳಿದು, ಚಹಾ ಕುಡಿದು, ಧೈರ್ಯ ಸಾಲದೆ ಮರಳುತ್ತಿದ್ದರು. 'ನಿಂದ ಸರಿ ಇತ್ತವಾ' ಎಂಬ ಒಂದೇ ಮಾತನ್ನು ಹೇಳಬೇಕೆಂಬ ಹಂಬಲ ಅವರನ್ನು ಒಳಗೊಳಗೇ ತಿನ್ನುತ್ತಿತ್ತು. ತಮ್ಮಿಂದಲೇ ಹುಡುಗಿ ಓದು ಬಿಟ್ಟಳೋ ಎಂಬ ಅಳುಕು ಬೇರೆ.

ಕಳೆದ ತಿಂಗಳು ತನುಜಾಳ ತಾಯಿ ಸುಶೀಲವ್ವ ಸಂತೆಯಲ್ಲಿ ಸಿಕ್ಕಳು. ಮಗಳು ಶಿಗ್ಗಾಂವಿಯಲ್ಲಿ ನರ್ಸ್ ಆಗಿದ್ದಾಳೆಂದು ಹೇಳಿ, ಅಲ್ಲೇ ಫೋನು ಹಚ್ಚಿ ಕೊಟ್ಟಳು. ಮಾಸ್ತರರು ಏಳು ವರ್ಷದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದರು.

"ಯಾವ ಲೆಕ್ಕರಿ ಸರ?" ಎಂದಳು ತನುಜಾ. "ನನಗ ನೆನಪ ಇಲ್ಲಲ್ರಿ. ನೀವು ಆರಾಮ ಅದೀರಿಲ್ಲ?"

"ಆರಾಮ ಅದೀನವಾ," ಎಂದು ಮಾಸ್ತರರು ಫೋನು ಮರಳಿಸಿದರು.

ಮಾಸ್ತರರೆಂಬ ಜೀವಗಳೇ ಹೀಗೆ. ಮಕ್ಕಳು ತಂತಮ್ಮ ದಾರಿ ಹಿಡಿದು, ಆದದ್ದನ್ನೆಲ್ಲ ಮರೆತು, ಸುಖವಾಗಿರುತ್ತಾರೆ. ಕ್ಷಮಿಸಬೇಕಾದವರಿಗೇ ತಪ್ಪು ನೆನಪಿಲ್ಲದ ಮೇಲೆ, ಅದನ್ನು ಇವರು ಯಾರ ಕೈಗೆ ಒಪ್ಪಿಸಬೇಕು?