ಓಣಿಯ ತಿರುವು ಮತ್ತು ತಾನೇ ಏರುವ ಗ್ಲೈಡರ್

ಲಿಫ್ಟ್ ರಿಪೇರಿಯವನ ಅರ್ಧ ಆಯುಷ್ಯ ಬೇರೆಯವರನ್ನು ಮೇಲೆ ಕಳಿಸುವುದರಲ್ಲೇ ಕಳೆದಿತ್ತು. ತಾನು ಮೇಲೆ ಹೋಗಬೇಕಾದರೆ ಮಾತ್ರ ಭಾನುವಾರ ಬರಬೇಕು, ಊರಾಚೆಯ ಮೈದಾನಕ್ಕೆ ಹೋಗಬೇಕು, ಇಂಜಿನ್ನಿಲ್ಲದೆ ಗಾಳಿಯಲ್ಲಿ ತೇಲುವ ಕ್ಲಬ್ಬಿನ ಗ್ಲೈಡರಿಗೆ ಸರದಿ ನಿಲ್ಲಬೇಕು, ಆಮೇಲೆ ಅದನ್ನು ಎಳೆದುಕೊಂಡು ಹೋಗುವ ವಿಮಾನಕ್ಕೆ ಕಾಯಬೇಕು. ಅಷ್ಟು ಹೊತ್ತಿಗೆ ಗಾಳಿ ಬಿದ್ದುಹೋಗುತ್ತಿತ್ತು. ಕಟ್ಟಿಕೊಂಡು ಹೋದ ಬುತ್ತಿ ಉಂಡು ವಾಪಸ್ಸು.

ಹಾಗಾಗಿ, ಯಾರ ಹಂಗೂ ಇಲ್ಲದೆ ಬ್ಯಾಟರಿ ಮೋಟರಿನಿಂದ ತಾನೇ ಏರುವ ಗ್ಲೈಡರೊಂದು ಮಾರಾಟಕ್ಕಿದೆ ಎಂದು ತಿಳಿದ ದಿನದಿಂದ ಅವನ ಕಾಲು ನೆಲದ ಮೇಲಿರಲಿಲ್ಲ. ಹೆಂಡತಿ ಬೇಡವೆನ್ನಲಿಲ್ಲ. ಅದೇ ಅವನಿಗೆ ಭಯ.

"ಮೈದಾನದ ಶೆಡ್ ತುಂಬಿದೆ ಅಂತೀರಿ. ಅಂದ್ಮೇಲೆ ರೆಕ್ಕೆ ಬಿಚ್ಚಿ, ಟ್ರೇಲರಿಗೆ ತುಂಬಿ, ಮನೆ ಪಕ್ಕಕ್ಕೇ ತರ್ಬೇಕು. ಅಷ್ಟುದ್ದದ ಟ್ರೇಲರ್ ನಮ್ಮ ಓಣಿ ತಿರುವಲ್ಲಿ ತಿರುಗುತ್ತೆ ಅಂತ ಮೊದಲು ತೋರಿಸ್ರೀ. ಆಮೇಲೆ ಮಾತು."

ಅವಳು ಶಾಲೆಯ ಬಸ್ಸು ಓಡಿಸುವವಳು. ತಿರುವಿನ ವಿಷಯದಲ್ಲಿ ಅವಳ ಹತ್ತಿರ ಬಣ್ಣದ ಮಾತು ನಡೆಯುತ್ತಿರಲಿಲ್ಲ. ಮಾರುವವರೋ ಇವತ್ತು ಸಂಜೆಯವರೆಗೆ ಮಾತ್ರ ಕಾಯುವುದಾಗಿ ಹೇಳಿದ್ದರು. ಇನ್ನೊಬ್ಬ ಗಿರಾಕಿ ತುದಿಗಾಲಲ್ಲಿ ನಿಂತಿದ್ದನಂತೆ.

ಮಧ್ಯಾಹ್ನದೊಳಗೆ ಅವನು ಹಿತ್ತಲಲ್ಲಿ ಬಿದ್ದಿದ್ದ ಮಳೆನೀರಿನ ಪೈಪುಗಳನ್ನು ಆ ಟ್ರೇಲರಿನಷ್ಟೇ ಉದ್ದಕ್ಕೆ ಜೋಡಿಸಿದ. ನಡುವೆ ಮಗಳು ಕೂಸಾಗಿದ್ದಾಗಿನ ತಳ್ಳುಗಾಡಿ ಕಟ್ಟಿದ. ಅಗಲಕ್ಕೆಂದು ಹಿಂದೊಂದು ಮುಂದೊಂದು ಪೊರಕೆ ಅಡ್ಡ ಬಿಗಿದ. ಟ್ರೇಲರ್ ತಯಾರಾಯಿತು. ಅವನೇ ಕಾರು. ಮಗಳು ಕಾರಿನ ಸದ್ದು. ಅತ್ತೆಯ ಕೈಗೆ ಕೆಂಪು ಟವೆಲ್ ಕೊಟ್ಟು, ಬಾಲದ ದೀಪವಾಗಿ ಹಿಂದೆ ನಿಲ್ಲಿಸಿದ.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತಾರೆ. ನೀವು ಕೂಸಿನ ಗಾಡೀನೇ ಎಳ್ಕೊಂಡು ಹೊರಟ್ರಲ್ಲ, ಅಳಿಯಂದ್ರೇ," ಎಂದರು ಅತ್ತೆ. "ಅಲ್ಲ, ಅದು ತಾನೇ ಮೇಲೇರುತ್ತೆ ಅಂದ್ರಲ್ಲ, ಏರಿದ್ಮೇಲೆ ಏನ್ಮಾಡ್ತೀರಿ?"

"ಮೋಟರ್ ಆಫ್ ಮಾಡ್ತೀನತ್ತೆ."

"ಬೇಕೂಂತಲೇ?"

"ಬೇಕೂಂತಲೇ. ಆಮೇಲೆ ಬರೀ ಗಾಳಿ ಮೇಲೆ ತೇಲೋದು."

ಅತ್ತೆ ತಮ್ಮ ಮಗಳ ಮುಖ ನೋಡಿದರು. ಈ ಸಂಬಂಧಕ್ಕೆ ಹೂಂ ಅಂದವರು ನಿಮ್ಮಪ್ಪ, ನಾನಲ್ಲ ಎಂಬುದೆಲ್ಲ ಆ ಒಂದೇ ನೋಟದಲ್ಲಿತ್ತು.

ಮೆರವಣಿಗೆ ದೊಡ್ಡ ರಸ್ತೆಯಿಂದ ಓಣಿಗೆ ನುಗ್ಗಿತು. ಮಗಳು ಗಂಟಲು ಹರಿಯುವಂತೆ "ಡುರ್ರ್" ಎಂದಳು. ತಿರುವಿನವರೆಗೆ ಎಲ್ಲ ಸುಸೂತ್ರ. ಆಮೇಲೆ ಪೈಪಿನ ಹೊಟ್ಟೆ ಗೋಡೆಯ ಮೂಲೆಗೆ ಒತ್ತಿತು, ಬಾಲದ ಪೊರಕೆ ಕ್ಷೌರದಂಗಡಿಯ ಬಾಗಿಲೊಳಗೆ ಹೋಯಿತು, ಮೂಗು ಗಡಿಯಾರ ರಿಪೇರಿಯವರ ಕಿಟಕಿಯ ಪರದೆ ಸರಿಸಿಕೊಂಡು ಅವರ ಮೇಜಿನವರೆಗೂ ಮುಟ್ಟಿತು.

ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡಿದ್ದ ಗಡಿಯಾರದವರು ತಲೆಯೆತ್ತಿ ನೋಡಿ ಹೌಹಾರಿದರು. "ಏನಯ್ಯಾ ಇದು?"

"ಗ್ಲೈಡರ್, ಸಾರ್."

"ಇಷ್ಟು ದಪ್ಪ ಇರುತ್ತಾ?"

"ಅವ್ರ ಗೋಡೆ ಚೂರು ಒಡೆದ್ರೆ ಸಲೀಸಾಗಿ ಹೋಗುತ್ತೆ," ಎಂದು ಕ್ಷೌರಿಕ ಹೊರಬಂದ. "ಯಾಕೆ, ನಿನ್ನಂಗಡಿ ಒಡೆದ್ರೆ ಹೋಗಲ್ವೋ?" ಎಂದರು ಗಡಿಯಾರದವರು. ಹಿಂದಿನಿಂದ ಸ್ಕೂಟರುಗಳು ಹಾರನ್ ಹೊಡೆದವು. ಅತ್ತೆ ಟವೆಲ್ ಬೀಸಿದರು.

ಅವನು ಎಳೆದ, ನೂಕಿದ, ಎತ್ತಿದ. "ಈ ಓಣೀನೇ ಸರಿಯಾಗಿ ಕಟ್ಟಿಲ್ಲ ಕಣೇ," ಎಂದ ಬೆವರೊರೆಸುತ್ತ.

"ಹೌದ್ಹೌದು. ಕುಣಿಯಲಾರದವಳಿಗೆ ನೆಲ ಡೊಂಕು," ಎಂದಳು ಗೇಟಿಗೊರಗಿ ನಿಂತಿದ್ದ ಹೆಂಡತಿ.

"ಮೇಲೇರೋ ಸಾಮಾನು ತಾನೇ? ಮೇಲಿಂದಲೇ ಮನೆಗೆ ಬರ್ಲಿ ಬಿಡಿ," ಎಂದರು ಅತ್ತೆ.

ಓಣಿಯೇ ನಕ್ಕಿತು. ಅವನು ಮಾತ್ರ ನಗಲಿಲ್ಲ. ಎಷ್ಟೋ ಭಾನುವಾರ ಮೈದಾನದ ಬೇಲಿಗೆ ಬೆನ್ನು ಕೊಟ್ಟು, ಬೇರೆಯವರ ರೆಕ್ಕೆಗಳು ಮೋಡದ ಕೆಳಗೆ ಸುತ್ತುವುದನ್ನು ನೋಡುತ್ತ ಕುಳಿತದ್ದು ನೆನಪಾಯಿತು. ಪೈಪನ್ನು ಮೆಲ್ಲನೆ ಕೆಳಗಿಟ್ಟ.

"ಹೋಗ್ಲಿ ಬಿಡು. ತಿರುಗಲ್ಲ. ಫೋನ್ ಮಾಡಿ ಬೇಡ ಅಂತೀನಿ."

"ತಿರುಗಲ್ಲ ಅಂತ ಯಾರಂದ್ರು?"

"ನೀನೇ ಅಂದಿದ್ದು!"

"ತೋರಿಸಿ ಅಂದೆ. ತಿರುಗಲ್ಲ ಅಂದೆನಾ?" ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ತನ್ನ ಮನೆಯ ತಿರುವೊಂದು ಊರೆದುರು ಗೆದ್ದುಬಿಡುವುದನ್ನು ಇಷ್ಟು ವರ್ಷ ಬಸ್ಸು ತಿರುಗಿಸಿದ ಕೈ ಸಹಿಸಲಿಲ್ಲ. "ಎಲ್ಲ ದೊಡ್ಡ ರಸ್ತೆಗೆ ವಾಪಸ್ ನಡೀರಿ. ಬಾಲ ಮೊದಲು ಬರ್ಲಿ, ಮೂಗು ಆಮೇಲೆ. ಅಮ್ಮಾ, ಆ ಟವೆಲ್ ಹೆಗಲಿಗೆ ಹಾಕ್ಕೊಂಡು ಗೋಡೆ ನೋಡು. ನೀವು ಹಿಂದೆ ಹೋಗಿ, ಬೀಪ್ ಬೀಪ್ ಅನ್ನಿ."

ಅವನು ಬೀಪ್ ಬೀಪ್ ಎಂದ. ಅವಳು ಮೂಗು ಹಿಡಿದು ಬಲಕ್ಕೆ ನೂಕಿದರೆ ಬಾಲ ಎಡಕ್ಕೆ ಬಳುಕಿತು. ತಳ್ಳುಗಾಡಿಯ ಚಕ್ರ ನಿಂತಲ್ಲೇ ಬುಗುರಿಯಂತೆ ಹೊರಳಿತು. ಪೊರಕೆಯ ಕಡ್ಡಿಗಳು ಗೋಡೆಯನ್ನು ಸವರಿಕೊಂಡು ಹೋದವೇ ಹೊರತು ಮುರಿಯಲಿಲ್ಲ. ಅರೆಗಳಿಗೆಯಲ್ಲಿ ಟ್ರೇಲರ್ ಮನೆಯ ಪಕ್ಕ ನಿಂತಿತ್ತು. ಕ್ಷೌರಿಕ ಶಿಳ್ಳೆ ಹಾಕಿದ.

"ತಗೊಳ್ಳೋಣ," ಎಂದಳು ಅವಳು ಕೈ ಕೊಡವುತ್ತ. "ಆದ್ರೆ ಟ್ರೇಲರ್ ತಿರುಗಿಸೋಕೆ ನಾನು, ಮೋಡ ನೋಡೋಕೆ ನೀವು, ಅದಾಗಲ್ಲ. ನಾನೂ ಹಾರೋದು ಕಲೀತೀನಿ. ಕಲಿತ್ಮೇಲೆ ವಾರ ಬಿಟ್ಟು ವಾರ ನಂದು."

ಅವಳ ಮನಸ್ಸು ಬದಲಾಗುವ ಮೊದಲೇ ಅವನು ಅಲ್ಲೇ ಫೋನ್ ಹಚ್ಚಿದ. ಎಲ್ಲರಿಗೂ ಕೇಳಲಿ ಎಂದು ಜಂಬದಿಂದ ಸ್ಪೀಕರ್ ಕೂಡ ಹಾಕಿದ.

"ಸಂತೋಷ," ಎಂದರು ಮಾರುವವರು. "ಒಂದು ವಿಷಯ ಮಾತ್ರ. ಸೀಟಿಗೆ ತೂಕದ ಮಿತಿ ಇದೆ. ಜಾಸ್ತೀನೂ ಆಗ್ಬಾರ್ದು, ಕಮ್ಮೀನೂ ಆಗ್ಬಾರ್ದು. ಹಾರೋರು ಯಾರ್ಯಾರು, ಅವರವರ ತೂಕ ಹೇಳ್ಬಿಡಿ."

ಸ್ಕೂಟರಿನವರು ಇಂಜಿನ್ ಆರಿಸಿದರು. ಗಡಿಯಾರದವರು ಚೆನ್ನಾಗಿ ಕೇಳಿಸಲೆಂದು ಕಿಟಕಿಯಿಂದ ಅರ್ಧ ಹೊರಗೆ ಬಂದರು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಅವನಿಗೆ ಸಂಸಾರ ಕಲಿಸಿತ್ತು. ತುಟಿ ಬಿಗಿದು, ಎರಡೂ ಕೈಯಲ್ಲಿ ಫೋನನ್ನು ಹೆಂಡತಿಯ ಮುಂದೆ ಹಿಡಿದ.

ಅವಳು ಸ್ಪೀಕರ್ ಆರಿಸಿ, ಒಳಗೆ ಹೋಗಿ, ಬಾಗಿಲು ಹಾಕಿಕೊಂಡಳು. ಚಿಲಕದ ಸದ್ದು ಎಲ್ಲರಿಗೂ ಕೇಳಿಸಿತು. ಅವನು ಮೆಟ್ಟಿಲ ಮೇಲೆ ಕುಳಿತು ಉಗುರು ಕಚ್ಚಿದ.

ಬಾಗಿಲು ತೆರೆಯಿತು. "ಹೂಂ ಅಂದಿದೀನಿ. ನಮ್ಮದೇ ಅದು."

"ಮತ್ತೆ ಸೀಟು?"

"ನನಗೆ ಸರಿಹೋಗುತ್ತಂತೆ. ಕಷ್ಟ ನಿಮ್ಮದೇ. ನೀವು ಹಾಗೇ ಕೂತ್ರೆ ಮುಂಭಾಗಕ್ಕೆ ಭಾರ ಸಾಲಲ್ವಂತೆ. ಕಾಲ ಹತ್ರ ಸೀಸದ ಗಟ್ಟಿ ಇಟ್ಕೊಂಡು ಹಾರ್ಬೇಕಂತೆ."

ಅವನಿಗೆ ಖುಷಿಯಲ್ಲಿ ಅಳುವೇ ಬಂದಿತ್ತು. ಅತ್ತೆ ಟವೆಲ್ಲಿನಿಂದ ಅಳಿಯನ ಹಣೆಯ ಬೆವರೊರೆಸಿ, ತಮ್ಮ ಮಗಳ ಕಡೆ ತಿರುಗಿದರು.

"ಸೀಸ ಯಾಕೆ ದಂಡ? ಎರಡು ಹೊತ್ತು ಸರಿಯಾಗಿ ಉಣ್ಣೋಕೆ ಹೇಳೇ."